ಮಗು ಉಗ್ಗತೊಡಗಿದಾಗ ಮನೆಯವರು ಗಮನಿಸಬೇಕಾದದ್ದು

ಎರಡರಿಂದ ಐದು ವರ್ಷದೊಳಗಿನ ಮಕ್ಕಳು, ಅದರಲ್ಲೂ ಪದಗಳನ್ನು ಜೋಡಿಸಿ ಉದ್ದದ ವಾಕ್ಯ ಕಟ್ಟಲು ಆರಂಭಿಸಿದ ಹೊತ್ತಿನಲ್ಲಿ, ಇದ್ದಕ್ಕಿದ್ದಂತೆ ಉಗ್ಗತೊಡಗುವುದುಂಟು. ಬಹುಪಾಲು ಮಕ್ಕಳಲ್ಲಿ ಅದು ಕ್ರಮೇಣ ತಾನಾಗಿಯೇ ಸರಿಹೋಗುತ್ತದೆ. ಇದಕ್ಕೆ ತಾಯಿ ಬೆಳೆಸಿದ ರೀತಿಯೂ ಕಾರಣವಲ್ಲ, ನಾಲಿಗೆ ದಪ್ಪವಾಗಿರುವುದೂ ಕಾರಣವಲ್ಲ. ಆದ್ದರಿಂದ ಬಜೆ ತೇಯ್ದು ನಾಲಿಗೆಗೆ ತಿಕ್ಕುವುದನ್ನು ದಯವಿಟ್ಟು ಬಿಡಿ.

ಮಗು "ಅಜ್ಜಿ, ನಂಗೆ ದೋ... ದೋ... ದೋಸೆ" ಎಂದು ತಡವರಿಸುವಾಗ "ನಿಧಾನವಾಗಿ ಹೇಳು", "ಉಸಿರು ತಗೊಂಡು ಮತ್ತೆ ಹೇಳು" ಎಂದು ತಿದ್ದಬಾರದು, ಪದವನ್ನು ನಾವೇ ಪೂರ್ತಿ ಮಾಡಲೂಬಾರದು. ಅದರ ಮುಖ ನೋಡುತ್ತಾ, ಹೇಳಿ ಮುಗಿಸುವವರೆಗೆ ಕಾದು, ಒಂದು ಕ್ಷಣ ಬಿಟ್ಟು, "ದೋಸೆ ಬೇಕಾ ಪುಟ್ಟ, ಈಗ ಹಾಕ್ತೀನಿ" ಎಂದು ನಾವು ಸಾವಕಾಶವಾಗಿ ಉತ್ತರಿಸಬೇಕು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನೆಂಟರೆದುರು ಪದ್ಯ ಹೇಳೆಂದು ಒತ್ತಾಯಿಸುವುದೂ ಬೇಡ. ಶಾಲೆಯಲ್ಲಿ ಇಂಗ್ಲಿಷ್ ಇದೆಯೆಂದು ಮನೆಯ ಕನ್ನಡವನ್ನು ಬಿಡಬೇಕಾಗಿಲ್ಲ.

ಉಗ್ಗು ಆರು ತಿಂಗಳು ದಾಟಿದರೆ, ಕುಟುಂಬದಲ್ಲಿ ಬೇರೆಯವರಿಗೂ ಇದ್ದರೆ, ಮಾತಾಡುವಾಗ ಮಗು ಕಣ್ಣು ಬಿಗಿದು ಮುಚ್ಚುತ್ತಿದ್ದರೆ ಅಥವಾ ಮಾತಾಡುವುದನ್ನೇ ಬಿಟ್ಟುಬಿಡುತ್ತಿದ್ದರೆ, "ದೊಡ್ಡವನಾದ ಮೇಲೆ ಸರಿಹೋಗುತ್ತೆ" ಎಂದು ಕಾಯದೆ ವಾಕ್ ಚಿಕಿತ್ಸಕರನ್ನು ಕಾಣಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ತಪಾಸಣೆ, ಚಿಕಿತ್ಸೆ ಎರಡೂ ದೊರೆಯುತ್ತವೆ. ಹೊಸ ಜಾಗದಲ್ಲಿ ಮಗು ಉಗ್ಗದೆಯೇ ಮಾತಾಡಿಬಿಡಬಹುದಾದ್ದರಿಂದ, ಮನೆಯಲ್ಲಿ ಆಡುವಾಗಿನ ಮಾತನ್ನು ಅದರ ಅರಿವಿಗೆ ಬಾರದಂತೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿರಿ.