ಬೆಂಕಿಯ ವಾಕ್ಯಗಳನ್ನು ಕೂಟದಲ್ಲಿ ಓದಿಸುವ ಬಗೆ

ಬೈಬಲಿನಲ್ಲಿ ಬೆಂಕಿ ಅಂದರೆ ದೇವರ ನ್ಯಾಯತೀರ್ಪು ಎಂದು ಮೊದಲೇ ಹೇಳಿಬಿಟ್ಟರೆ ಬೈಬಲ್ ಓದುವ ಕೂಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಉಳಿದ ಹೊತ್ತು ಹೆದರಿಸುವುದರಲ್ಲೇ ಹೋಗುತ್ತದೆ. ಮೋಶೆ ಕಂಡ ಪೊದೆ ಉರಿಯುತ್ತಿತ್ತು, ಆದರೆ ಸುಟ್ಟುಹೋಗಲಿಲ್ಲ (ವಿಮೋಚನಕಾಂಡ 3:2). ಸೊದೋಮಿನ ಮೇಲೆ ಗಂಧಕದ ಸಂಗಡ ಸುರಿದದ್ದು ಊರನ್ನೇ ಉಳಿಸಲಿಲ್ಲ (ಆದಿಕಾಂಡ 19:24). ಎರಡೂ ಬೆಂಕಿಯೇ, ಮಾಡುವ ಕೆಲಸ ಬೇರೆ. ಹಾಗಾಗಿ ಯಾವ ವಾಕ್ಯ ತೆಗೆದರೂ ಮೂರು ಪ್ರಶ್ನೆ ಕೇಳಿಸಿ: ಹಚ್ಚಿದವರು ಯಾರು? ಬೆಂಕಿಗೆ ಬಿದ್ದದ್ದು ಏನು? ಕೊನೆಗೆ ಉಳಿದದ್ದು ಏನು? ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ತೀರ್ಪಿನ ಬೆಂಕಿಯನ್ನು ಗುರುತಿಸುವ ಕೀಲಿ ಇರುವುದು ಮಾತ್ರ ಅಲ್ಲೇ.

ವಾಕ್ಯ ಆರಿಸುವುದು

ಒಂದೂವರೆ ತಾಸಿನ ಕೂಟಕ್ಕೆ ನಾಲ್ಕು ಭಾಗಗಳು ಸಾಕು. ಹತ್ತು ವಾಕ್ಯ ಬರೆದುಕೊಂಡು ಬಂದವರು ಪುಟ ತಿರುವಿಸುವುದರಲ್ಲೇ ಸಮಯ ಕಳೆಯುತ್ತಾರೆ. ಬಿಡಿ ವಾಕ್ಯಕ್ಕಿಂತ ಜೋಡಿ ವಾಕ್ಯ ಒಳ್ಳೆಯದು.

ಮೊದಲ ಜೋಡಿ ಯಾಜಕಕಾಂಡ 9:24 ಮತ್ತು 10:2. ಒಂದರಲ್ಲಿ ಯೆಹೋವನ ಸನ್ನಿಧಿಯಿಂದ ಬೆಂಕಿ ಹೊರಟು ಯಜ್ಞವೇದಿಯ ಮೇಲಿದ್ದ ಬಲಿಯನ್ನು ದಹಿಸುತ್ತದೆ, ಜನ ಹರ್ಷದಿಂದ ಕೂಗಿ ಅಡ್ಡಬೀಳುತ್ತಾರೆ. ಇನ್ನೊಂದರಲ್ಲಿ ಅದೇ ಸನ್ನಿಧಿಯಿಂದ ಹೊರಟ ಬೆಂಕಿ, ಅಪ್ಪಣೆ ಇಲ್ಲದ ಬೆಂಕಿ ತಂದ ಆರೋನನ ಮಕ್ಕಳು ನಾದಾಬ್ ಮತ್ತು ಅಬೀಹುವನ್ನು ದಹಿಸುತ್ತದೆ. ಹೀಬ್ರೂ ಮೂಲದಲ್ಲಿ ಎರಡು ಕಡೆಯೂ ಬೆಂಕಿ ಹೊರಟಿತೆಂಬ ಮಾತು ಅಕ್ಷರಶಃ ಒಂದೇ. ಎರಡನ್ನೂ ಒಬ್ಬರ ಕೈಲೇ, ನಡುವೆ ಮಾತಾಡದೆ ಓದಿಸಿ. ಅಧ್ಯಾಯದ ಅಂಕಿ ಅಲ್ಲಿ ಅಡ್ಡ ಬಂದಿರುವುದರಿಂದ ಅನೇಕರು ಇವೆರಡನ್ನು ಒಟ್ಟಿಗೆ ಓದಿರುವುದಿಲ್ಲ.

ಎರಡನೆಯದು 2 ಅರಸುಗಳು 1:10 ಮತ್ತು ಲೂಕ 9:54-55. ಪ್ರವಾದಿ ಎಲೀಯನ ಮಾತಿಗೆ ಆಕಾಶದಿಂದ ಬೆಂಕಿ ಇಳಿದು ಐವತ್ತು ಮಂದಿಯ ಅಧಿಪತಿಯನ್ನೂ ಅವನ ಐವತ್ತು ಮಂದಿಯನ್ನೂ ಸುಡುತ್ತದೆ. ಶಿಷ್ಯರಾದ ಯಾಕೋಬ ಯೋಹಾನರು ಸಮಾರ್ಯದ ಒಂದು ಹಳ್ಳಿಯ ಮೇಲೆ ಹಾಗೇ ಬೆಂಕಿ ಕರೆಯೋಣವೇ ಅಂದಾಗ ಯೇಸು ತಿರುಗಿಕೊಂಡು ಗದರಿಸುತ್ತಾನೆ. ಪಕ್ಕದ ಓಣಿಯವರ ಮೇಲೆ ಸಿಟ್ಟಿರುವ ಸಭೆಗೆ ಈ ಜೋಡಿ ಬೇಕೇ ಬೇಕು.

ಉಳಿದ ಎರಡು: ಮಲಾಕಿಯ 3:2-3 ಮತ್ತು ಮತ್ತಾಯ 3:12. ಇವು ಕುಲುಮೆ ಮತ್ತು ಕಣ. ನಮ್ಮ ಕಡೆಯವರಿಗೆ ಈ ಎರಡನ್ನು ವಿವರಿಸುವ ಶ್ರಮವೇ ಬೇಕಿಲ್ಲ ಅನ್ನಿಸುತ್ತದೆ. ಎಡವುವುದು ಇಲ್ಲೇ.

ಕಣದ ಬೆಂಕಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಭತ್ತದ ಗದ್ದೆಯವರಿಗೆ ಬೆಂಕಿ ಅಂದೊಡನೆ ಕಣ್ಣ ಮುಂದೆ ಬರುವುದು ಯಂತ್ರ ಕೊಯ್ದು ಹೋದ ಮೇಲೆ ಗದ್ದೆಗೆ ಹಚ್ಚುವ ಹುಲ್ಲಿನ ಬೆಂಕಿ. ಮತ್ತಾಯ ಹೇಳುವುದು ಅದನ್ನಲ್ಲ. ಅಲ್ಲಿ ಮೊದಲು ತೂರುವುದು, ಆಮೇಲೆ ಕಾಳು ಕಣಜಕ್ಕೆ, ಹೊಟ್ಟು ಬೆಂಕಿಗೆ. ಬೇರ್ಪಡಿಸುವ ಕೆಲಸ ಗಾಳಿಯದು, ಬೆಂಕಿ ಬರುವುದು ಕಡೆಗೆ. ಹಿಂಗಾರಿ ಜೋಳದ ರಾಶಿ ಮಾಡಿದ ಹಿರಿಯರು ಒಬ್ಬರಿದ್ದರೆ ಅವರಿಂದಲೇ ಹೇಳಿಸಿ: ಗಾಳಿ ಇಲ್ಲದ ದಿನ ತೂರಿದರೆ ಹೊಟ್ಟು ಕಾಳಿನ ಮೇಲೇ ಬೀಳುತ್ತದೆ, ಗಾಳಿ ಜೋರಾದರೆ ಜಳ್ಳಿನ ಜೊತೆ ಸಣ್ಣ ಕಾಳೂ ಹಾರಿಹೋಗುತ್ತದೆ. ಕನ್ನಡದಲ್ಲಿ ಮೊರ ಎಂದು ಓದಿದವರಿಗೆ ಹೆಂಗಸರು ಕೇರುವ ಚಿತ್ರ ಬರುತ್ತದೆ. ಗ್ರೀಕ್ ಪದ ಸೂಚಿಸುವುದು ಕಣದಲ್ಲಿ ಒಕ್ಕಿದ ಕಾಳನ್ನು ಹೊಟ್ಟಿನ ಸಮೇತ ಮೇಲಕ್ಕೆ ಎಸೆಯುವ ಮರದ ಕವಲುಗೋಲು ಅಥವಾ ಸಲಿಕೆ. ಇದೊಂದು ತಿದ್ದುಪಡಿ ಸಾಕು, ಇಡೀ ದೃಶ್ಯ ಅಡುಗೆಮನೆಯಿಂದ ಬಯಲಿಗೆ ಬರುತ್ತದೆ.

ಕುಲುಮೆಯ ಬೆಂಕಿ

ಮಲಾಕಿಯನ ಅಕ್ಕಸಾಲಿಗ ಕುಳಿತುಕೊಂಡು ಬೆಳ್ಳಿ ಶೋಧಿಸುತ್ತಾನೆ. ಕುಳಿತೇ ಏಕೆ? ಕೆಲಸ ತಿಳಿದರೆ ಉತ್ತರ ಸಿಗುತ್ತದೆ. ಪ್ರಾಚೀನರು ಬೆಳ್ಳಿಯನ್ನು ಶುದ್ಧ ಮಾಡುತ್ತಿದ್ದದ್ದು ಸೀಸ ಬೆರೆಸಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಬೆಳ್ಳಿಗೆ ಸುಮಾರು 962 ಬೇಕು. ತಿದಿಯ ಗಾಳಿ ಬಡಿದಂತೆ ಸೀಸ ಕಿಟ್ಟವಾಗಿ, ತಾಮ್ರದಂಥ ಕೀಳು ಲೋಹಗಳನ್ನೂ ಹೀರಿಕೊಂಡು ಮೂಸೆಯ ಗೋಡೆಗೆ ಇಂಗುತ್ತದೆ. ಕೊನೆಗೆ ಮಸುಕಾಗಿದ್ದ ಮೇಲ್ಮೈ ಒಮ್ಮೆಲೇ ಬೆಳಗುತ್ತದೆ. ಆ ಗಳಿಗೆಗಾಗಿ ಕಾಯುವವನು ಎದ್ದು ಹೋಗುವಂತಿಲ್ಲ. ಯೆರೆಮೀಯ 6:29 ಇದೇ ಕೆಲಸ ಕೆಟ್ಟಾಗ ಏನಾಗುತ್ತದೆಂದು ಹೇಳುತ್ತದೆ: ತಿದಿ ಬುಸುಗುಟ್ಟಿತು, ಸೀಸ ಬೆಂಕಿಗೆ ತೀರಿತು, ಕಲ್ಮಷ ಮಾತ್ರ ಹೋಗಲಿಲ್ಲ. ಮುಂದಿನ ವಾಕ್ಯದಲ್ಲಿ ಅದಕ್ಕೆ ತಿರಸ್ಕೃತ ಬೆಳ್ಳಿ ಎಂದು ಹೆಸರು. ಈ ಎರಡನ್ನು ಎದುರುಬದುರು ಇಡಿ. ಶೋಧಿಸುವ ಕೆಲಸ ಎರಡು ಕಡೆಯೂ ಒಂದೇ. ಮಲಾಕಿಯನಲ್ಲಿ ಶುದ್ಧ ಬೆಳ್ಳಿ ಉಳಿಯಿತು, ಯೆರೆಮೀಯನಲ್ಲಿ ಉಳಿದದ್ದು ಕಲ್ಮಷ ಬಿಡದ ಬೆಳ್ಳಿ.

ಬೆಳ್ಳಿಯಲ್ಲಿ ತನ್ನ ಮುಖ ಕಂಡಾಗ ಅಕ್ಕಸಾಲಿಗ ನಿಲ್ಲಿಸುತ್ತಾನೆ ಎಂಬ ಕಥೆ ಮೊಬೈಲಿನಲ್ಲಿ ಓಡಾಡುತ್ತದೆ. ಚಂದದ ಕಥೆ, ಆದರೆ ವಾಕ್ಯದಲ್ಲಿ ಇಲ್ಲ. ಹಾಗೆಯೇ ಹಟ್ಟಿಯ ಗಣಿಯನ್ನು ಉದಾಹರಣೆಗೆ ತರುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಅಲ್ಲಿ ಅದಿರನ್ನು ಪುಡಿ ಮಾಡಿ ಸಯನೈಡ್ ದ್ರಾವಣದಲ್ಲಿ ಚಿನ್ನ ಬಿಡಿಸುತ್ತಾರೆ, ಕುಲುಮೆ ಬರುವುದು ಕೊನೆಗೆ. ಕೂಟದಲ್ಲಿ ಗಣಿಯಲ್ಲಿ ದುಡಿದವರೊಬ್ಬರಿದ್ದರೆ ತಪ್ಪು ಉದಾಹರಣೆ ಅಲ್ಲೇ ಬಿದ್ದುಹೋಗುತ್ತದೆ.

ಕೈಯಾರೆ ತೋರಿಸುವುದು

1 ಕೊರಿಂಥ 3:12-15ಕ್ಕೆ ಮಾತಿಗಿಂತ ಒಲೆ ಚೆನ್ನಾಗಿ ಹೇಳುತ್ತದೆ. ಬೇಕಾದದ್ದು: ಇದ್ದಿಲ ಒಲೆ ಒಂದು, ಒಂದು ಕಿಲೋ ಇದ್ದಿಲು, ಒಂದು ಹಿಡಿ ಜೋಳದ ಹೊಟ್ಟು, ಗೇಣುದ್ದದ ಎರಡು ಹತ್ತಿಕಟ್ಟಿಗೆ, ನಾಲ್ಕು ಇಂಚಿನ ಕಬ್ಬಿಣದ ಮೊಳೆ, ಒಣಗಿದ ಇಟ್ಟಿಗೆ ಚೂರು, ಉದ್ದ ಹಿಡಿಯ ಇಕ್ಕಳ, ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು. ಇದ್ದಿಲು ಕೆಂಡವಾಗಲು ಅರ್ಧ ತಾಸು ಬೇಕು, ಅಷ್ಟರೊಳಗೆ ಓದು ಮುಗಿಸಿ. ಹೊಟ್ಟು ಒಂದೆರಡು ಉಸಿರಿಗೆ ಭುಗ್ಗೆಂದು ಮಾಯ. ಕಟ್ಟಿಗೆ ಉರಿದು ಬೂದಿಯಾಗಲು ಕೆಲವು ನಿಮಿಷ. ಮೊಳೆ ಕೆಂಪಾಗುತ್ತದೆ, ಕಪ್ಪಾಗುತ್ತದೆ, ಮೊಳೆಯಾಗಿಯೇ ಹೊರಬರುತ್ತದೆ. ಇಟ್ಟಿಗೆ ಇದ್ದ ಹಾಗೇ. ಆಮೇಲೆ 15ನೇ ವಾಕ್ಯ ಓದಿಸಿ: ಕಟ್ಟಿದ್ದು ಸುಟ್ಟರೂ ಕಟ್ಟಿದವನು ಬೆಂಕಿಯೊಳಗಿಂದ ತಪ್ಪಿಸಿಕೊಂಡವನಂತೆ ರಕ್ಷಣೆ ಹೊಂದುತ್ತಾನೆ. ಇಲ್ಲಿ ಸುಡುವುದು ಕೆಲಸವನ್ನು, ಮನುಷ್ಯನನ್ನಲ್ಲ. ಎರಡನೇ ಪ್ರಶ್ನೆ ಕೇಳದವರು ಇದನ್ನು ನರಕದ ವಾಕ್ಯವೆಂದು ಓದುತ್ತಾರೆ.

ಸೀಮೆಎಣ್ಣೆ ಸುರಿಯಬೇಡಿ. ಆಗ ಮೊಳೆಯ ಮೇಲೂ ಜ್ವಾಲೆ ಎದ್ದು, ಏನು ಉರಿಯಿತು ಏನು ಉಳಿಯಿತು ಎಂಬುದೇ ಗೊತ್ತಾಗುವುದಿಲ್ಲ. ಹಸಿ ಇಟ್ಟಿಗೆ ಹಾಕಬೇಡಿ, ಒಳಗಿನ ನೀರು ಆವಿಯಾಗಿ ಚೂರು ಸಿಡಿಯುತ್ತದೆ. ಏಪ್ರಿಲ್-ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಆದ್ದರಿಂದ ಸಂಜೆ ಆರೂವರೆಯ ಮೇಲೆ ಇಟ್ಟುಕೊಳ್ಳಿ. ತಗಡಿನ ಚಪ್ಪರದಡಿ ಬೇಡ, ಬಣವೆ ಇರುವ ಹಿತ್ತಲಲ್ಲಂತೂ ಬೇಡವೇ ಬೇಡ. ಮಕ್ಕಳನ್ನು ಆರಡಿ ದೂರ ಕೂರಿಸಿ, ಗಾಳಿ ಬರುವ ದಿಕ್ಕಿಗೆ.

ತಪ್ಪುವ ಜಾಗಗಳು

ಗೆಹೆನ್ನ (ಹಿನ್ನೋಮ್ ಕಣಿವೆ, ಯೇಸು ನರಕಕ್ಕೆ ಬಳಸಿದ ಹೆಸರು) ಎಂಬುದು ಯೆರೂಸಲೇಮಿನ ಊರ ಕಸ ಸದಾ ಉರಿಯುತ್ತಿದ್ದ ತಿಪ್ಪೆ ಎಂದು ಹೇಳುವುದು ರೂಢಿ. ಆ ಮಾತು ಸಿಗುವುದು ಸುಮಾರು 1200ರ ಹೊತ್ತಿನ ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿಯಲ್ಲಿ. ಅಂದರೆ ಯೇಸುವಿನ ಕಾಲ ಕಳೆದು ಸಾವಿರ ವರ್ಷಕ್ಕೂ ಹೆಚ್ಚಾದ ಮೇಲೆ. ಬೈಬಲಿನೊಳಗಿನ ಸಾಕ್ಷಿ ಬೇರೆ: ಹಿನ್ನೋಮ್ ಕಣಿವೆಯ ತೋಫೆತಿನಲ್ಲಿ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಕೊಟ್ಟರು, ಆ ಜಾಗಕ್ಕೆ ಕೊಲೆಯ ಕಣಿವೆ ಎಂಬ ಹೆಸರು ಬರುತ್ತದೆ (ಯೆರೆಮೀಯ 7:31-32). ತಿಪ್ಪೆಯ ಕಥೆಗಿಂತ ಇದು ಎಷ್ಟೋ ಭಾರ. ಮೊದಲ ಪ್ರಶ್ನೆ ಹಾಕಿ ನೋಡಿ: ಅಲ್ಲಿ ಬೆಂಕಿ ಹಚ್ಚಿದವರು ಮನುಷ್ಯರು.

ಪ್ರಕಟನೆ 20:14ರ ‘ಬೆಂಕಿಯ ಕೆರೆ’ ನಮ್ಮವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಕೆರೆ ಅಂದರೆ ಈ ಸೀಮೆಯಲ್ಲಿ ಜೀವ. ಆ ಮುಜುಗರವನ್ನು ಸರಿಪಡಿಸಲು ಹೋಗಬೇಡಿ, ಹಾಗೇ ಬಿಡಿ. ಅದೇ ವಾಕ್ಯದಲ್ಲಿ ಆ ಕೆರೆಗೆ ಬೀಳುವುದು ಮರಣ ಮತ್ತು ಪಾತಾಳ ಎಂಬುದನ್ನು ಮಾತ್ರ ಓದದೆ ದಾಟಬೇಡಿ.

ಎಲ್ಲಕ್ಕಿಂತ ಕೆಟ್ಟ ತಪ್ಪು, ಊರಲ್ಲಿ ಯಾರದೋ ಬಣವೆ ಸುಟ್ಟಾಗಲೋ ಮನೆಗೆ ಬೆಂಕಿ ಬಿದ್ದಾಗಲೋ ಇದು ದೇವರ ತೀರ್ಪು ಎನ್ನುವುದು. ಯೋಬ 1:16 ತೆಗೆಯಿರಿ. ಸೇವಕ ಓಡಿಬಂದು ದೇವರ ಬೆಂಕಿ ಆಕಾಶದಿಂದ ಬಿದ್ದು ಕುರಿಗಳನ್ನೂ ಆಳುಗಳನ್ನೂ ಸುಟ್ಟಿತು ಅನ್ನುತ್ತಾನೆ. ಮಾಲೀಕ ಯಾರು? ಆ ಅಧ್ಯಾಯದ ಮೊದಲ ವಾಕ್ಯದಲ್ಲೇ ನಿರ್ದೋಷಿ ಎನ್ನಿಸಿಕೊಂಡವನು. ಮುದಗಲ್ಲಿನ ಮೊಹರಂ ಅಲಾಯಿ ಕುಣಿ (ಬೆಂಕಿಯ ಗುಂಡಿ), ವೀರಭದ್ರನ ಅಗ್ನಿಕುಂಡ ನೋಡಿ ಬೆಳೆದವರೂ ಕೂಟದಲ್ಲಿರುತ್ತಾರೆ. ಅಲ್ಲಿ ಬೆಂಕಿ ಹರಕೆ ಮತ್ತು ಭಕ್ತಿಯದು. ಅದನ್ನು ಈ ವಾಕ್ಯಗಳಿಗೆ ಹೋಲಿಸಿ ಹೀಯಾಳಿಸಿದರೆ ಪಾಠವೂ ಕೆಡುತ್ತದೆ, ನೆರೆಹೊರೆಯೂ ಕೆಡುತ್ತದೆ.

ಪದಗಳಲ್ಲಿ ತಕರಾರು ಬಂದರೆ ಎರಡು ಕನ್ನಡ ಅನುವಾದ ಪಕ್ಕಪಕ್ಕ ಇಟ್ಟು ಓದಿಸಿ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಕೆಲಸ ನಡೆಸಿದ್ದು ಇದೇ ಸೀಮೆಯಲ್ಲಿ. ಅಂಕಿಯಲ್ಲೂ ವ್ಯತ್ಯಾಸ ಇರುತ್ತದೆ: ಮಲಾಕಿಯ 4:1ರ ಉರಿಯುವ ಒಲೆ ಹೀಬ್ರೂ ಬೈಬಲಿನಲ್ಲಿ 3:19.

ಕೂಟ ಮುಗಿದ ಮೇಲೆ ಒಲೆಯ ಮೇಲೆ ಬೂದಿ ಕಂಡರೂ ಒಳಗೆ ಕೆಂಡ ಇರುತ್ತದೆ. ಮೊದಲು ಮೊಳೆ ತೆಗೆದು ಮರಳಿನಲ್ಲಿ ಹೂಳಿ. ಆಮೇಲೆ ನೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ಚಿಮುಕಿಸಿ. ಆ ರಾತ್ರಿ ತಿಪ್ಪೆಗೆ ಹಾಕಬೇಡಿ, ಬೆಳಿಗ್ಗೆ ಕೈಯಿಟ್ಟು ತಣ್ಣಗಿದೆ ಅನ್ನಿಸಿದ ಮೇಲೆ ಹಾಕಿ.