ಅಜ್ಜಿಯ ಕೆನ್ನೆಗೆ ಒಂಬತ್ತು ಬಣ್ಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಫೋಟೋಸ್ಟಾಟ್, ಲ್ಯಾಮಿನೇಶನ್, ಕನ್ನಡ ಮಲಯಾಳ ಅರ್ಜಿ ಟೈಪಿಂಗ್, ಮದುವೆ ಕಾಗದ. ಇದರ ಜೊತೆ ಇನ್ನೊಂದು ಕೆಲಸ ತಾನಾಗಿ ಬಂದು ಸೇರಿಕೊಂಡಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೋ ದೊಡ್ಡದು ಮಾಡಿಸಲು ಜನ ಬರುತ್ತಾರೆ. ಹೆಚ್ಚಿನವರ ಕೈಯಲ್ಲಿರುವುದು ವೋಟರ್ ಕಾರ್ಡಿನ ಫೋಟೋ, ಹೆಬ್ಬೆರಳ ಉಗುರಿನಷ್ಟು. ಹಿಗ್ಗಿಸಿದರೆ ಮುಖ ಮಾಯವಾಗಿ ಬರೀ ಚೌಕಗಳು ಉಳಿಯುತ್ತವೆ. "ಹೇಗಾದ್ರೂ ಮಾಡಿ ಕೊಡಿ ಮಾರಾಯ್ರೆ" ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಎಷ್ಟು ಉಜ್ಜಿದರೂ ಇಲ್ಲದ ಮುಖ ಎಲ್ಲಿಂದ ಬರಬೇಕು?

ನಮ್ಮ ಅಜ್ಜಿ ಇರುವಾಗಲೇ ಅವರ ಮುಖ ಸರಿಯಾಗಿ ಬರೆದಿಡಬೇಕು ಅಂತ ಅನ್ನಿಸಿದ್ದು ಹೀಗೆ. ಬಣ್ಣದ ಪೆನ್ಸಿಲ್ ಆರಿಸಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಗಿರಾಕಿ ಬಂದರೆ ಹಾಗೇ ಕೆಳಗಿಟ್ಟು ಏಳಬಹುದು. ಬ್ರಷ್ ತೊಳೆಯಬೇಕಿಲ್ಲ, ಬಣ್ಣ ಒಣಗುವ ಗಡಿಬಿಡಿ ಇಲ್ಲ.

ಮೊದಲ ಚಿತ್ರ ಮಗಳ 24 ಬಣ್ಣದ ಡಬ್ಬಿಯಲ್ಲಿ, ಅಂಗಡಿಯ ಚಾರ್ಟ್ ಪೇಪರಿನ ಮೇಲೆ ಮಾಡಿದೆ. ಮುಖಕ್ಕೆಲ್ಲ ಮೊದಲು 'ಸ್ಕಿನ್ ಕಲರ್' ತುಂಬಿದೆ. ಅದೊಂದು ಪೇಲವ ಗುಲಾಬಿ. ಅಮೆರಿಕದ ಕ್ರಯೋಲಾ ಕಂಪನಿಯವರು ಇಂಥದ್ದೇ ಬಣ್ಣಕ್ಕಿದ್ದ 'ಫ್ಲೆಶ್' ಎಂಬ ಹೆಸರನ್ನು 1962ರಲ್ಲೇ ತೆಗೆದು 'ಪೀಚ್' ಅಂತ ಮಾಡಿದರು. ನಮ್ಮ ಮಕ್ಕಳು ಈಗಲೂ "ಸ್ಕಿನ್ ಕಲರ್ ಕೊಡು" ಅಂತಲೇ ಕೇಳುತ್ತಾರೆ. ನಮ್ಮೂರಲ್ಲಿ ಆ ಬಣ್ಣದ ಚರ್ಮ ಇರುವವರನ್ನು ನಾನಂತೂ ನೋಡಿಲ್ಲ. ಚಿತ್ರ ಮುಗಿಸಿ ಅಜ್ಜಿಗೆ ತೋರಿಸಿದೆ. ನಮ್ಮದು ಹವ್ಯಕರ ಮನೆ, ಅವರು ಅದೇ ಮಾತಿನಲ್ಲಿ ಅಂದರು: "ಇದು ಆನಲ್ಲ. ಎನ್ನ ಅಕ್ಕನ ಹಾಂಗೆ ಕಾಣ್ತು." ಅವರ ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಗಿದೆ.

ತಪ್ಪು ಎಲ್ಲಿದೆ ಅಂತ ಹುಡುಕುತ್ತಾ ಹೋದೆ. ಮೊದಲನೆಯದು ಫೋಟೋದಲ್ಲೇ ಇತ್ತು. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದಿದ್ದೆ. ಹಾಗೆ ತೆಗೆದರೆ ಮೂಗು ಉಬ್ಬುತ್ತದೆ, ಕಿವಿ ಹಿಂದಕ್ಕೆ ಸರಿಯುತ್ತದೆ. ಅದನ್ನೇ ನಿಷ್ಠೆಯಿಂದ ಬರೆದರೆ ಬೇರೆಯವರೇ ಬರುತ್ತಾರೆ. ಎರಡನೇ ಸಲ ಸುಮಾರು 2 ಮೀಟರ್ ದೂರ ನಿಂತು, ಸ್ವಲ್ಪ ಝೂಮ್ ಮಾಡಿ ತೆಗೆದೆ. ಫ್ಲಾಶ್ ಹಾಕಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕೂರಿಸಿ, ಅಂಗಳದ ಬೆಳಕು ಒಂದೇ ಬದಿಯಿಂದ ಬೀಳುವ ಹಾಗೆ ನೋಡಿಕೊಂಡೆ. ಇನ್ನೊಂದು ಬದಿ ನೆರಳಾಯಿತು. ಆ ನೆರಳಲ್ಲೇ ಮುಖದ ಆಕಾರ ಇರುವುದು. ಫೋಟೋದ ಮೇಲೆ ಪೇಜ್‌ಮೇಕರಿನಲ್ಲಿ 2 ಸೆಂಟಿಮೀಟರಿನ ಚೌಕ ಎಳೆದು ಪ್ರಿಂಟ್ ತೆಗೆದೆ. ಚಿತ್ರದ ಕಾಗದದಲ್ಲೂ ಅಷ್ಟೇ ಚೌಕ, ತೀರಾ ತೆಳುವಾಗಿ. ಸೀಸದ ಗೆರೆ ಜೋರಾಗಿದ್ದರೆ ಮೇಲಿನ ಬಣ್ಣಕ್ಕೆ ಕಲಸಿ ಮುಖಕ್ಕೆ ಮಸಿ ಬಳಿದ ಹಾಗಾಗುತ್ತದೆ. ಹಾಗಾಗಿ ಒಂದೊಂದು ಭಾಗಕ್ಕೆ ಬಣ್ಣ ಹಾಕುವ ಮೊದಲು ಅಲ್ಲಿನ ಗೆರೆಯನ್ನು ಹಿಟ್ಟಿನಂತೆ ನಾದುವ ರಬ್ಬರಿನಿಂದ ಒತ್ತಿ ಎತ್ತಿಬಿಡುತ್ತೇನೆ.

ಎರಡನೇ ತಪ್ಪು ಕಾಗದ. ಬಣ್ಣದ ಪೆನ್ಸಿಲಿನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಮೇಣ ಅಥವಾ ಎಣ್ಣೆ. ಕಾಗದದ ಮೈಯಲ್ಲಿರುವ ಸಣ್ಣ ತರಿ ಆ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ತರಿಯೆಲ್ಲ ತುಂಬಿತೋ, ಮುಂದಿನ ಪದರ ಜಾರುತ್ತದೆ. ನನ್ನ ಚಾರ್ಟ್ ಪೇಪರಿನಲ್ಲಿ ನಾಲ್ಕನೇ ಪದರಕ್ಕೇ ಪೆನ್ಸಿಲು ಜಾರಲು ಶುರುವಾಗಿತ್ತು. ಆಮೇಲೆ ಮಂಗಳೂರಿಗೆ ಹೋಗಿ 300 ಜಿಎಸ್‌ಎಂನ ಹಾಟ್ ಪ್ರೆಸ್ ಕಾಗದ ತಂದೆ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಬಿಸಿಯಲ್ಲಿ ಒತ್ತಿ ನಯ ಮಾಡಿದ ದಪ್ಪ ಕಾಗದ. ಅದು ಹತ್ತು ಹನ್ನೆರಡು ಪದರವನ್ನು ಆರಾಮವಾಗಿ ಹಿಡಿಯಿತು. ಪೆನ್ಸಿಲು ಫೇಬರ್ ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್. ಪೂರ್ತಿ ಸೆಟ್ಟಿನಲ್ಲಿ 120 ಬಣ್ಣ, ಅಷ್ಟು ದುಡ್ಡು ಹಾಕುವ ಅಗತ್ಯವಿಲ್ಲ. ಬಿಡಿಬಿಡಿಯಾಗಿ ಸಿಗುತ್ತವೆ, ನಾನು ಹಾಗೇ ಕೂಡಿಸಿದ್ದು.

ಇಲ್ಲೊಂದು ಎಡವಟ್ಟು ಹೇಳಲೇಬೇಕು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಹಪ್ಪಳ, ಪುಸ್ತಕ ಎಲ್ಲ ಮೆತ್ತಗಾಗುತ್ತವೆ. ಕಾಗದ ಒಣಗಿರಲಿ ಅಂತ ನಾಲ್ಕು ಹಾಳೆ ಅಡುಗೆಮನೆಯ ಅಟ್ಟದಲ್ಲಿಟ್ಟೆ, ಒಲೆಯ ಮೇಲ್ಭಾಗಕ್ಕೆ. ಒಣಗಿದ್ದು ಹೌದು. ಒಂದು ತಿಂಗಳಿಗೆ ಹೊಗೆ ಕುಡಿದು ಹಳೇ ಜಾತಕದ ಬಣ್ಣಕ್ಕೆ ತಿರುಗಿದ್ದವು. ಈಗ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಎರಡನೇ ಚಿತ್ರ ಅರ್ಧ ಆಗಿತ್ತು. ಬಣ್ಣ ಚೆನ್ನಾಗಿಯೇ ಕೂತಿತ್ತು, ಆದರೂ ಜೀವವಿಲ್ಲ. ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಸುಮ್ನೆ ಒಂದು ಕುತೂಹಲಕ್ಕೆ ಚಿತ್ರವನ್ನು ಫೋಟೋಸ್ಟಾಟ್ ಮೆಷಿನಿಗಿಟ್ಟು ಕಪ್ಪು ಬಿಳುಪು ಪ್ರತಿ ತೆಗೆದೆ. ಅಜ್ಜಿಯ ಫೋಟೋದ್ದೂ ಒಂದು ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಗು ಬಂತು. ಫೋಟೋದಲ್ಲಿ ಕಣ್ಣಿನ ಗುಳಿ, ಮೂಗಿನ ಬದಿ, ಗಲ್ಲದ ಕೆಳಗೆ ಕಪ್ಪಗೆ ಇದ್ದರೆ, ನನ್ನ ಚಿತ್ರದಲ್ಲಿ ಮುಖ ಅಂದರೆ ಒಂದು ಇಡ್ಲಿ. ನಾನು ಗಾಢ ಬಣ್ಣಕ್ಕೆ ಹೆದರಿಕೊಂಡಿದ್ದೆ, ಅಷ್ಟೇ. ಬಣ್ಣದ ಪೆನ್ಸಿಲನ್ನು ಪೂರ್ತಿ ಅಳಿಸಲು ಆಗುವುದಿಲ್ಲ ಅನ್ನುವ ಭಯ. ಚರ್ಮದ ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆದರೂ ಯಾರೂ ಗಮನಿಸುವುದಿಲ್ಲ. ನೆರಳು ತಪ್ಪಿದರೆ ಆಳೇ ಬದಲಾಗುತ್ತಾರೆ. ಆಮೇಲಿಂದ ದಿನಕ್ಕೊಮ್ಮೆ ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ ನೋಡುವುದು ರೂಢಿಯಾಗಿದೆ. ಮೆಷಿನಿನ ಗಾಜಿಗೆ ಪೆನ್ಸಿಲ್ ಚಿತ್ರ ಒತ್ತುವುದು ಬೇಡ, ಬಣ್ಣ ಅಂಟುತ್ತದೆ. ಮರುದಿನ ಯಾರದ್ದೋ ಆಧಾರ್ ಪ್ರತಿಯ ಮೇಲೆ ಕಲೆ ಬಿದ್ದು ಬೈಸಿಕೊಂಡಿದ್ದೇನೆ.

ಈಗ ಕೆನ್ನೆಯ ವಿಷಯ. ನೆರಳಿನ ಬದಿಯ ಕೆನ್ನೆಗೆ ಒಟ್ಟು ಒಂಬತ್ತು ಪೆನ್ಸಿಲು ಬೇಕಾಯಿತು. ಎಲ್ಲವನ್ನೂ ಚೂಪಾಗಿ ಕೆತ್ತಿ, ಕೈ ಭಾರ ಹಾಕದೆ, ಪುಟ್ಟ ಪುಟ್ಟ ಸುತ್ತು ಸುತ್ತಿಸಬೇಕು. ಮೊದಲು ಕ್ರೀಮ್, ಅದರ ಮೇಲೆ ಲೈಟ್ ಫ್ಲೆಶ್. ಆಮೇಲೆ ಬರ್ನ್ಟ್ ಓಕರ್ ಎಂಬ ಕಿತ್ತಳೆ ಕಂದು, ಇದು ಕೆನ್ನೆಯ ಮುಖ್ಯ ಬಣ್ಣ. ಉಬ್ಬಿನ ಮೇಲೆ ಸ್ವಲ್ಪ ವೆನೀಷಿಯನ್ ರೆಡ್. ಬೆಳಕಿನಿಂದ ನೆರಳಿಗೆ ತಿರುಗುವ ಕಡೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ಇಷ್ಟಾದಾಗ ಅಜ್ಜಿಗೆ ಜ್ವರ ಬಂದ ಹಾಗೆ ಕೆಂಪು ಜಾಸ್ತಿಯಾಯಿತು. ಫೋಟೋ ಹಿಡಿದು ದವಡೆಯ ಅಂಚನ್ನೇ ನೋಡುತ್ತಾ ಕೂತೆ. ಅಲ್ಲೊಂದು ಮಂಕು ಹಸಿರು ಇತ್ತು! ಜಗಲಿಯ ಎದುರಿಗೇ ಕಂಗಿನ (ಅಡಿಕೆ) ತೋಟ, ಅದರ ಹಸಿರು ಗಲ್ಲದಡಿ ಬಂದು ಬಿದ್ದಿದೆ. ಅರ್ತ್ ಗ್ರೀನ್ ತೆಗೆದುಕೊಂಡು ತೆಳ್ಳಗೆ ಎಳೆದೆ. ಹಸಿರು ಬಿದ್ದ ಕೂಡಲೇ ಕೆಂಪು ತಣಿಯಿತು. ಆಮೇಲೆ ಗಾಢ ಕಂದಿನ ಬರ್ನ್ಟ್ ಅಂಬರ್, ವಾಲ್‌ನಟ್ ಬ್ರೌನ್. ತೀರಾ ಕಪ್ಪಗಿರುವ ಕಡೆ, ಅಂದರೆ ಗಲ್ಲದಡಿ ಮತ್ತು ಕಿವಿಯ ಹಿಂದೆ, ಡಾರ್ಕ್ ಇಂಡಿಗೋ ಎಂಬ ಗಾಢ ನೀಲಿ. ಕಪ್ಪು ಪೆನ್ಸಿಲನ್ನು ನಾನು ಮುಖಕ್ಕೆ ಮುಟ್ಟಿಸುವುದಿಲ್ಲ. ಅದು ಹಾಕಿದರೆ ಅಲ್ಲೊಂದು ತೂತು ಬಿದ್ದ ಹಾಗೆ ಕಾಣುತ್ತದೆ. ಕಂದು ಮತ್ತು ನೀಲಿ ಸೇರಿದ ಕಪ್ಪಿನಲ್ಲಿ ಗಾಳಿಯಾಡುತ್ತದೆ. ಕೊನೆಗೆ ಪುನಃ ಬರ್ನ್ಟ್ ಓಕರ್ ಒಂದು ಸುತ್ತು, ಎಲ್ಲ ಒಂದಾಗಲಿ ಅಂತ. ಈ ಒಂದು ಕೆನ್ನೆಗೆ ಐದು ಸಂಜೆ ಹೋಯಿತು.

ಬಣ್ಣ ನೋಡುವುದು ಹಗಲು ಬೆಳಕಿನಲ್ಲೇ. ಹಳದಿ ಬಲ್ಬಿನಡಿ ಸರಿ ಕಂಡದ್ದು ಬೆಳಿಗ್ಗೆ ಬೇರೆಯೇ ಆಗಿರುತ್ತದೆ.

ಬಿಳಿ ಕೂದಲಿಗೆ ಮುಗಿದುಹೋದ ರೀಫಿಲ್ ಇರುವ ಬಾಲ್‌ಪೆನ್ ಸಾಕು. ಬಣ್ಣ ಹಾಕುವ ಮೊದಲೇ ಕೂದಲಿನ ಎಳೆಗಳನ್ನು ಒತ್ತಿ ಕೊರೆದುಬಿಡಬೇಕು. ಮೇಲೆ ಬೂದು, ನೀಲಿ ಪೆನ್ಸಿಲು ಅಡ್ಡ ಹಿಡಿದು ತಿಕ್ಕಿದರೆ ಗುಳಿಯೊಳಗೆ ಬಣ್ಣ ಇಳಿಯುವುದಿಲ್ಲ, ಬಿಳಿ ಎಳೆಗಳು ತಾವೇ ಏಳುತ್ತವೆ. ಕೊರೆಯುವ ಮುನ್ನ ಬೇರೆ ಕಾಗದದಲ್ಲಿ ಗೀಚಿ ನೋಡಿ, ಒಳಗೆ ಶಾಯಿ ಉಳಿದಿದ್ದರೆ ಕತೆ ಮುಗಿಯಿತು.

ಬಾಯಿ ಮಾತ್ರ ನನ್ನನ್ನು ಸತಾಯಿಸಿತು. ಅಜ್ಜಿ ದಿನವಿಡೀ ಎಲೆ ಅಡಿಕೆ ಹಾಕುವವರು. ತುಟಿಗೆ ಕೆಂಪು ತುಂಬಿದರೆ ನಾಟಕದ ಪಾತ್ರದ ಹಾಗಾಗುತ್ತಿತ್ತು. ಹತ್ತಿರದಿಂದ ನೋಡಿದಾಗ ಗೊತ್ತಾಯಿತು: ಕೆಂಪು ತುಟಿಯ ಮೈಮೇಲೆ ಅಷ್ಟಾಗಿ ಇಲ್ಲ, ತುಟಿಯ ಬಿರುಕುಗಳ ಒಳಗಿದೆ, ಬಾಯಿಯ ಎರಡೂ ಮೂಲೆಯಲ್ಲಿದೆ. ಬಿರುಕಿಗಷ್ಟೇ ಗಾಢ ಕೆಂಪು ಎಳೆದು, ಉಳಿದದ್ದನ್ನು ಕಂದು ಬಣ್ಣಕ್ಕೆ ಬಿಟ್ಟೆ. ಕಿವಿಯದೂ ಹಾಗೆಯೇ. ಬೆಂಡೋಲೆ ಹಾಕಿ ಹಾಕಿ ಜಗ್ಗಿದ ತೂತು, ಒಂದು ಇಂಚಿಯ ಗೀಟಿನಷ್ಟು ಉದ್ದ. ಅದನ್ನು ನೇರ ಗೆರೆ ಎಳೆದು ಬಿಟ್ಟರೆ ಆಗುವುದಿಲ್ಲ. ಮೇಲಿನ ಅಂಚಿಗೆ ನೆರಳು, ಕೆಳಗಿನ ಅಂಚಿಗೆ ಬೆಳಕು ಬೇಕು.

ಅಗ್ಗದ ಪೆನ್ಸಿಲುಗಳನ್ನು ಬಿಟ್ಟದ್ದಕ್ಕೆ ಇನ್ನೊಂದು ಕಾರಣವಿದೆ. ಮಾರ್ಚಿನಲ್ಲಿ ಒಂದು ಪಟ್ಟಿಯ ಮೇಲೆ ಎಲ್ಲ ಬಣ್ಣ ಗೀಚಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದ್ದೆ. ಮಳೆ ಶುರುವಾಗುವಾಗ ತೆಗೆದು ನೋಡಿದರೆ ಮಗಳ ಡಬ್ಬಿಯ ಗುಲಾಬಿ, ನೇರಳೆ ಅರ್ಧಕ್ಕರ್ಧ ಹೋಗಿದ್ದವು. ಕಂದು, ಓಕರ್ ಜಾತಿಯ ಮಣ್ಣಿನ ಬಣ್ಣಗಳು ಹಾಗೇ ಇದ್ದವು.

ಚಿತ್ರ ಮುಗಿಸಿ ಅಜ್ಜಿಗೆ ಕೊಟ್ಟಾಗ ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು. ಅಕ್ಕನ ಸುದ್ದಿ ಬರಲಿಲ್ಲ. ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಚೌಕಟ್ಟು ಕೊಟ್ಟು ಫ್ರೇಮ್ ಮಾಡಿಸಿದ್ದೆ. ಚಾವಡಿಯ ಗೋಡೆಯಲ್ಲಿ ಮೊಳೆ ಹೊಡೆಯಲು ಹೊರಟೆ. ಅಲ್ಲಿ ಅಜ್ಜ, ದೊಡ್ಡಜ್ಜ ಎಲ್ಲ ಸಾಲಾಗಿ ಇದ್ದಾರೆ.

"ಆನು ಇಪ್ಪಗಳೇ ಗೋಡೆಗೆ ಹಾಕೆಡ" ಅಂದರು ಅಜ್ಜಿ. ನಾನು ಇರುವಾಗಲೇ ಬೇಡ ಅಂತ.

ಚಿತ್ರ ಈಗ ಕಪಾಟಿನಲ್ಲಿದೆ, ಅವರ ಸೀರೆಗಳ ನಡುವೆ, ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಯಾರಾದರೂ ನೆಂಟರು ಬಂದರೆ ಅವರೇ ಹೊರಗೆ ತೆಗೆದು ತೋರಿಸುತ್ತಾರೆ.