ಎರಡು ಗುಂಡುಸೂಜಿ, ಒಂದು ದಾರ: ಬುಧನ ದಾರಿ ಬರೆಯುವುದು ಹೀಗೆ

ಪಠ್ಯಪುಸ್ತಕದ ಚಿತ್ರಗಳಲ್ಲಿ ಗ್ರಹಗಳ ದಾರಿ ಉದ್ದುದ್ದ ಮೊಟ್ಟೆಯಂತೆ ಇರುತ್ತದೆ. ನೋಡಿ ನೋಡಿ ಅದೇ ತಲೆಯಲ್ಲಿ ಕೂತಿದೆ. ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ ಬರುತ್ತದೆ ಎಂದು ದೊಡ್ಡವರೂ ನಂಬುವುದು ಬಹುಶಃ ಇದರಿಂದಲೇ. ಆದರೆ ಭೂಮಿ ಸೂರ್ಯನಿಗೆ ತೀರ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹುಡುಕುವ ಹೊತ್ತಿನಲ್ಲಿ! ನಿಜವಾದ ದಾರಿ ಹೇಗಿದೆ ಎಂದು ತಿಳಿಯಬೇಕಾದರೆ ಅಳತೆ ಇಟ್ಟು ಒಮ್ಮೆ ಬರೆದು ನೋಡಬೇಕು.

ಇದಕ್ಕೆ ಬುಧನೇ ಸರಿ. ಎಂಟು ಗ್ರಹಗಳಲ್ಲಿ ವೃತ್ತದಿಂದ ಜಾಸ್ತಿ ದೂರ ಸರಿದಿರುವ ದಾರಿ ಅವನದು.

ಬೇಕಾಗುವುದು ಇಷ್ಟು: 1 ಸೆಂ.ಮೀ. ಚೌಕಗಳ ಗ್ರಾಫ್ ಹಾಳೆ, ಅಡಿಗೆ ಥರ್ಮಾಕೋಲ್ ಅಥವಾ ದಪ್ಪ ರಟ್ಟು, ಎರಡು ಗುಂಡುಸೂಜಿ, ಚೂಪಾದ ಪೆನ್ಸಿಲ್, ಸ್ಕೇಲು, ಕೋನಮಾಪಕ, ಎಳೆದರೆ ಹಿಗ್ಗದ ದಾರ. ಗಾಳಿಪಟದ ದಾರ ಸಿಕ್ಕರೆ ಒಳ್ಳೆಯದು. ನಮ್ಮ ಹಾಳೆಯಲ್ಲಿ 1 ಸೆಂ.ಮೀ. ಅಂದರೆ 1 ಕೋಟಿ ಕಿ.ಮೀ.

ದಾರಿ ಬರೆಯುವುದು

ಮೊದಲು ದಾರದ ಕುಣಿಕೆ. ಸುತ್ತಳತೆ 14 ಸೆಂ.ಮೀ. ಇರಬೇಕು. ದಾರ ಕತ್ತರಿಸಿ ಆಮೇಲೆ ಗಂಟು ಹಾಕಿದರೆ ಗಂಟೇ ಒಂದಿಷ್ಟು ದಾರ ತಿಂದುಬಿಡುತ್ತದೆ. ಅದಕ್ಕೇ ಎರಡು ಸೂಜಿಗಳನ್ನು 7 ಸೆಂ.ಮೀ. ದೂರದಲ್ಲಿ ಚುಚ್ಚಿ, ಅವುಗಳ ಸುತ್ತ ದಾರ ಬಿಗಿಯಾಗಿ ಬಳಸಿ ಅಲ್ಲೇ ಗಂಟು ಹಾಕಿ.

ಹಾಳೆಯ ಕೆಳ ಅಂಚಿನಿಂದ 7 ಸೆಂ.ಮೀ. ಮೇಲೆ ಒಂದು ಅಡ್ಡಗೆರೆ ಎಳೆಯಿರಿ. ಅದರ ನಡುಭಾಗದಲ್ಲಿ, 2.4 ಸೆಂ.ಮೀ. ಅಂತರ ಬಿಟ್ಟು ಎರಡೂ ಸೂಜಿ ಚುಚ್ಚಿ. ಎಡಗಡೆಯದು ಸೂರ್ಯ. ಬಲಗಡೆಯ ಸೂಜಿಯ ಜಾಗದಲ್ಲಿ ಆಕಾಶದಲ್ಲಿ ಏನೂ ಇಲ್ಲ, ಸುಮ್ನೆ ಖಾಲಿ. ಕುಣಿಕೆಯನ್ನು ಎರಡೂ ಸೂಜಿಗೆ ಹಾಕಿ, ಒಳಗೆ ಪೆನ್ಸಿಲ್ ಇಟ್ಟು, ದಾರ ಸಡಿಲ ಬಿಡದೆ ಒಂದು ಸುತ್ತು ಬನ್ನಿ.

ಈಗ ಅಳೆದು ನೋಡಿ. ಉದ್ದ ಸುಮಾರು 11.6 ಸೆಂ.ಮೀ., ಎತ್ತರ 11.3. ವ್ಯತ್ಯಾಸ ಬರೀ 3 ಮಿ.ಮೀ.! ಕಣ್ಣಿಗೆ ಇದು ವೃತ್ತವೇ. ಆದರೆ ಸೂರ್ಯ ನಡುವಿನಲ್ಲಿಲ್ಲ. ಅವನಿಂದ ಎಡ ತುದಿ 4.6 ಸೆಂ.ಮೀ., ಬಲ ತುದಿ 7 ಸೆಂ.ಮೀ. ಇಡೀ ಕಥೆ ಇರುವುದು ಇಲ್ಲೇ: ದಾರಿ ಚಪ್ಪಟೆಯಾಗಿರುವುದಕ್ಕಿಂತ ಸೂರ್ಯ ಪಕ್ಕಕ್ಕೆ ಸರಿದಿರುವುದೇ ದೊಡ್ಡ ವಿಷಯ. ಇದೇ ಅಳತೆಯಲ್ಲಿ ಭೂಮಿಯ ದಾರಿ ಬರೆಯಲು ಹೋದರೆ ಸೂಜಿಗಳ ನಡುವೆ ಅರ್ಧ ಸೆಂಟಿಮೀಟರ್ ಜಾಗವಷ್ಟೇ ಸಿಗುತ್ತದೆ.

ಇಂಥ ಸಣ್ಣ ವ್ಯತ್ಯಾಸವನ್ನು ಖಗೋಳಜ್ಞ ಯೋಹಾನೆಸ್ ಕೆಪ್ಲರ್ ಹಿಡಿದದ್ದು ಮಂಗಳ ಗ್ರಹದಿಂದ. ದೂರದರ್ಶಕ ಇಲ್ಲದ ಕಾಲದಲ್ಲಿ ಟೈಕೊ ಬ್ರಾಹೆ ಬರಿಗಣ್ಣಿನಲ್ಲಿ ಅಳೆದಿಟ್ಟ ಲೆಕ್ಕಗಳು ಅವನ ಕೈಗೆ ಬಂದಿದ್ದವು. ವೃತ್ತ ಇಟ್ಟುಕೊಂಡು ಹಾಕಿದ ಲೆಕ್ಕಕ್ಕೂ ಟೈಕೊನ ಅಳತೆಗೂ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗದಷ್ಟು ತಾಳೆಯಾಗಲಿಲ್ಲ. ಬೇರೆಯವರಾಗಿದ್ದರೆ 'ಅಷ್ಟು ಇರಲಿ ಬಿಡಿ' ಅನ್ನುತ್ತಿದ್ದರೇನೋ. ಕೆಪ್ಲರ್ ವೃತ್ತವನ್ನೇ ಬಿಟ್ಟ. ಗ್ರಹದ ದಾರಿ ದೀರ್ಘವೃತ್ತ, ಅಂದರೆ ನಾವು ಈಗ ಎರಡು ಸೂಜಿ ಇಟ್ಟು ಬರೆದಂಥ ಆಕಾರ, ಸೂರ್ಯ ಇರುವುದು ಒಂದು ಸೂಜಿಯ ಜಾಗದಲ್ಲಿ ಎಂಬ ಮೊದಲ ನಿಯಮವನ್ನು 1609ರಲ್ಲಿ ಪ್ರಕಟಿಸಿದ.

ವೇಗ ಅಳೆಯುವುದು

ಬುಧ ಹತ್ತಿರದ ತುದಿಯಲ್ಲಿ ಸೆಕೆಂಡಿಗೆ ಸುಮಾರು 59 ಕಿ.ಮೀ. ಓಡುತ್ತಾನೆ, ದೂರದ ತುದಿಯಲ್ಲಿ 38.9 ಕಿ.ಮೀ. ನಮ್ಮ ಹಾಳೆಯ ಅಳತೆಯಲ್ಲಿ 10 ದಿನಕ್ಕೆ ಎಡತುದಿಯಲ್ಲಿ 5 ಸೆಂ.ಮೀ., ಬಲತುದಿಯಲ್ಲಿ 3.4 ಸೆಂ.ಮೀ. ದಾರವನ್ನು ಗೆರೆಯ ಮೇಲೆ ಬಾಗಿಸಿ ಇಟ್ಟು ಈ ಎರಡು ತುಂಡುಗಳನ್ನು ಗುರುತು ಮಾಡಿ. ಪ್ರತಿ ತುಂಡಿನ ಎರಡೂ ಕೊನೆಯಿಂದ ಸೂರ್ಯನ ಸೂಜಿಗೆ ಗೆರೆ ಎಳೆಯಿರಿ. ಒಂದು ಗಿಡ್ಡ, ಅಗಲ; ಇನ್ನೊಂದು ಉದ್ದ, ಕಿರಿದು.

ಒಳಗಿನ ಚೌಕಗಳನ್ನು ಎಣಿಸಿ. ಅರ್ಧ ಅಥವಾ ಅದಕ್ಕಿಂತ ದೊಡ್ಡ ಚೂರು ಒಂದು ಚೌಕ, ಚಿಕ್ಕದು ಲೆಕ್ಕಕ್ಕಿಲ್ಲ. ಎರಡರಲ್ಲೂ 12ರ ಆಸುಪಾಸು ಬರುತ್ತದೆ. ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣ ಎಂಬ ಕೆಪ್ಲರ್‌ನ ಎರಡನೇ ನಿಯಮ ಇದೇ. 1619ರಲ್ಲಿ ಬಂದ ಮೂರನೆಯದು, ಸುತ್ತುವ ಕಾಲಕ್ಕೂ ದೂರಕ್ಕೂ ಇರುವ ನಂಟು, ಈ ಹಾಳೆಯಲ್ಲಿ ಕಾಣುವುದಿಲ್ಲ. ಅದಕ್ಕೆ ಇನ್ನೊಂದು ಗ್ರಹವೂ ಬೇಕು.

ಶಕ್ತಿಯ ಲೆಕ್ಕ

ಇಷ್ಟೊಂದು ವೇಗ ಬಂದದ್ದೆಲ್ಲಿಂದ? ಹೊರಗಿನಿಂದ ಯಾರೂ ಕೊಡಲಿಲ್ಲ. ಬುಧನ ಒಂದೇ ಒಂದು ಕಿಲೋ ಮಣ್ಣನ್ನು ತೆಗೆದುಕೊಳ್ಳೋಣ. ಅದರ ಚಲನಶಕ್ತಿ ಅಂದರೆ ವೇಗದ ವರ್ಗದ ಅರ್ಧ. ಕಿಲೋಮೀಟರನ್ನು ಮೀಟರ್ ಮಾಡಿಕೊಳ್ಳಲು ಮರೆಯಬೇಡಿ. 59,000 × 59,000 ÷ 2, ಸುಮಾರು 174 ಕೋಟಿ ಜೌಲ್. ದೂರದ ತುದಿಯಲ್ಲಿ ಇದೇ ಲೆಕ್ಕ 76 ಕೋಟಿ. ನಡುವಿನ 98 ಕೋಟಿ ಜೌಲನ್ನು ಕರೆಂಟ್ ಬಿಲ್ಲಿನ ಭಾಷೆಗೆ ತಂದರೆ, ಒಂದು ಯೂನಿಟ್‌ಗೆ 36 ಲಕ್ಷ ಜೌಲ್‌ನಂತೆ, 270 ಯೂನಿಟ್ ದಾಟುತ್ತದೆ. ಒಂದು ಕಿಲೋಗೆ! ಗೃಹಜ್ಯೋತಿಯ 200 ಯೂನಿಟ್ ಕೂಡ ಸಾಲದು.

ದೂರ ಹೋಗುವಾಗ ಸೂರ್ಯ ಹಿಂದಕ್ಕೆ ಎಳೆಯುತ್ತಾನೆ. ವೇಗ ಇಳಿಯುತ್ತದೆ, ಆ ಶಕ್ತಿ ಪ್ರಚ್ಛನ್ನ ಶಕ್ತಿಯಾಗಿ ಕೂರುತ್ತದೆ. ವಾಪಸು ಬರುವಾಗ ಅದೇ ಮತ್ತೆ ವೇಗವಾಗುತ್ತದೆ. ಸೂರ್ಯನಿಂದ ಅನಂತ ದೂರದಲ್ಲಿ ಪ್ರಚ್ಛನ್ನ ಶಕ್ತಿ ಸೊನ್ನೆ ಎಂದು ಇಟ್ಟುಕೊಂಡರೆ, ಹತ್ತಿರದ ತುದಿಯಲ್ಲಿ ಅದು ಮೈನಸ್ 288 ಕೋಟಿ, ದೂರದಲ್ಲಿ ಮೈನಸ್ 190 ಕೋಟಿ. ಕೂಡಿಸಿ ನೋಡಿ: 174 − 288, 76 − 190. ಎರಡೂ ಕಡೆ ಮೈನಸ್ 114 ಕೋಟಿ. ಮೈನಸ್ ಇರುವವರೆಗೂ ಬುಧ ಸೂರ್ಯನಿಂದ ತಪ್ಪಿಸಿಕೊಳ್ಳಲಾರ. ಬಿಡಿಸಿಕೊಂಡು ಹೋಗಬೇಕಾದರೆ ಪ್ರತಿ ಕಿಲೋಗೂ ಇನ್ನೂ 114 ಕೋಟಿ ಜೌಲ್ ಹೊಂದಿಸಬೇಕು.

ಆಕಾಶದಲ್ಲಿ ಹುಡುಕುವುದು

ಹಾಳೆ ಇನ್ನೂ ಎತ್ತಿಡಬೇಡಿ. ಎಡತುದಿಯಿಂದ ನೇರ ಮೇಲಕ್ಕೆ ಗೆರೆ ಎಳೆದು, ಸೂರ್ಯನ ಸೂಜಿಯಿಂದ 15 ಸೆಂ.ಮೀ. ಆಗುವಲ್ಲಿ ಚುಕ್ಕೆ ಇಡಿ. ಅದು ಭೂಮಿ. ಅಲ್ಲಿಂದ ನೋಡಿದರೆ ಎಡತುದಿಯಲ್ಲಿರುವ ಬುಧನಿಗೂ ಸೂರ್ಯನಿಗೂ ನಡುವಿನ ಕೋನ 18 ಡಿಗ್ರಿ. ಬಲತುದಿಯಲ್ಲಿ ಹೀಗೇ ಮಾಡಿದರೆ 28 ಡಿಗ್ರಿ. ಇದಕ್ಕಿಂತ ದೂರ ಬುಧ ಸೂರ್ಯನನ್ನು ಬಿಟ್ಟು ಹೋಗುವುದೇ ಇಲ್ಲ. ಹಾಗಾಗಿ ನಡುರಾತ್ರಿ ಹುಡುಕಿ ಪ್ರಯೋಜನವಿಲ್ಲ.

ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಬುಧ ಸಂಜೆ ಕಾಣುವ ವಾರಗಳಲ್ಲಿ, ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ, ಪಶ್ಚಿಮದ ದಿಗಂತದಿಂದ ಎರಡು ಮುಷ್ಟಿಯೊಳಗೆ ನೋಡಿ. ಕಟ್ಟಡ, ಮರ ಅಡ್ಡ ಬರದ ಟೆರೇಸ್ ಆದರೆ ಒಳ್ಳೆಯದು. ಬೈನಾಕ್ಯುಲರ್ ಇದ್ದರೆ ಸೂರ್ಯ ಪೂರ್ತಿ ಮುಳುಗಿದ ಮೇಲಷ್ಟೇ ಕಣ್ಣಿಗೆ ಹಿಡಿಯಿರಿ. ಬೆಳಗಿನ ಜಾವ ಪೂರ್ವದಲ್ಲಿ ಹುಡುಕುತ್ತಿದ್ದರೆ ಸೂರ್ಯ ಹುಟ್ಟುವ ಮೊದಲೇ ಕೆಳಗಿಡಿ.